ಖಾಲಿ ಇದ್ದರೂ ಸಿಗದ ಯಂತ್ರ: ಕ್ಲಸ್ಟರ್‌ನಲ್ಲಿ ಸರದಿ ನಡೆಯೋದು ಹೇಗೆ?

ಒಂದು ಕೆಲಸವನ್ನು ಹತ್ತು ಪ್ರೊಸೆಸರ್‌ಗಳಿಗೆ ಹಂಚೋದು ಹೇಗೆ ಅಂತ ಪ್ಯಾರಲಲ್ ಪ್ರೋಗ್ರಾಮಿಂಗ್ ಪಾಠದಲ್ಲಿ ಕಲೀತೀವಿ. ಆದರೆ ಆ ಹತ್ತು ಪ್ರೊಸೆಸರ್‌ಗಳು ನಮ್ಮ ಕೈಗೆ ಸಿಗೋದು ಹೇಗೆ ಅನ್ನೋದರ ಬಗ್ಗೆ ಕ್ಲಾಸಿನಲ್ಲಿ ಮಾತು ಕಡಿಮೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಅಂತ ಕ್ಲಸ್ಟರ್‌ಗೆ ಲಾಗಿನ್ ಆಗಿ, ಜಾಬ್ ಸಬ್ಮಿಟ್ ಮಾಡಿ, ಎರಡು ದಿನವಾದರೂ ಪರದೆ ಮೇಲೆ ‘ಪೆಂಡಿಂಗ್’ ಅಂತಲೇ ಕಾಣಿಸಿದಾಗ ಆ ಪ್ರಶ್ನೆ ಏಳುತ್ತೆ. ಅತ್ತ ನೋಡಿದರೆ ನಾಲ್ಕು ನೋಡ್‌ಗಳು ಖಾಲಿ ಕೂತಿರುತ್ತವೆ. ನಮಗಿಂತ ಆಮೇಲೆ ಬಂದವರ ಜಾಬ್ ಓಡ್ತಾ ಇರುತ್ತೆ. ಇದು ಅನ್ಯಾಯವೋ, ಇದರ ಹಿಂದೆ ಏನಾದರೂ ಲೆಕ್ಕ ಇದೆಯೋ?

ಲೆಕ್ಕ ಇದೆ. ಅದರ ಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಸಂಶೋಧನೆ ನಡೆದಿದೆ. ಆ ಲೆಕ್ಕ ಗೊತ್ತಿದ್ದವರ ಜಾಬ್ ಬೇಗ ಓಡುತ್ತೆ ಅನ್ನೋದೂ ನಿಜ. ಅದಕ್ಕೇ ಈ ಬರಹ.

ಬೈ-ಟು ಕಾಫಿಯ ನ್ಯಾಯ

ಭಾನುವಾರ ಬೆಳಿಗ್ಗೆ ತುಂಬಿ ತುಳುಕುವ ಒಂದು ಹೋಟೆಲನ್ನು ನೆನೆಸಿಕೊಳ್ಳಿ. ಎಂಟು ಜನರ ಕುಟುಂಬ ಬಾಗಿಲಲ್ಲಿ ಕಾಯ್ತಾ ಇದೆ. ಒಳಗೆ ನಾಲ್ಕು ಸೀಟು ಮಾತ್ರ ಖಾಲಿ. ಅವರು ಒಟ್ಟಿಗೇ ಕೂರಬೇಕು, ಹಾಗಾಗಿ ಆ ನಾಲ್ಕು ಸೀಟು ಸುಮ್ಮನೆ ಬಿದ್ದಿವೆ. ಅಷ್ಟರಲ್ಲಿ ಇಬ್ಬರು ಬೈ-ಟು ಕಾಫಿಗೆ ಬರ್ತಾರೆ. ಪಕ್ಕದ ಟೇಬಲ್ ಏಳೋದರೊಳಗೆ ಇವರು ಕುಡಿದು ಹೊರಡ್ತಾರೆ ಅಂತ ಮ್ಯಾನೇಜರ್‌ಗೆ ಗೊತ್ತು. ಕೂರಿಸ್ತಾರೆ. ಕುಟುಂಬಕ್ಕೆ ಒಂದು ನಿಮಿಷವೂ ನಷ್ಟವಿಲ್ಲ, ಹೋಟೆಲಿಗೆ ಲಾಭ.

ಕ್ಲಸ್ಟರ್‌ನಲ್ಲಿ ಈ ಉಪಾಯದ ಹೆಸರು ಬ್ಯಾಕ್‌ಫಿಲ್ಲಿಂಗ್. ಅಮೆರಿಕದ ಆರ್ಗಾನ್ ನ್ಯಾಷನಲ್ ಲ್ಯಾಬೊರೇಟರಿಯಲ್ಲಿ 128 ನೋಡ್‌ಗಳ ಐಬಿಎಂ ಎಸ್‌ಪಿ ಯಂತ್ರಕ್ಕಾಗಿ ಡೇವಿಡ್ ಲಿಫ್ಕಾ ಕಟ್ಟಿದ ‘ಈಸಿ’ ಅನ್ನೋ ಶೆಡ್ಯೂಲರ್ ಇದನ್ನು ಪ್ರಸಿದ್ಧ ಮಾಡಿತು. ಅದರ ಪ್ರಬಂಧ ಬಂದದ್ದು 1995ರಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಹತ್ತಿರ 10 ನೋಡ್‌ಗಳಿವೆ. ‘ಎ’ ಅನ್ನೋ ಜಾಬ್ 6 ನೋಡ್ ಹಿಡಿದಿದೆ, ಮುಗಿಯೋಕೆ ಇನ್ನೂ 4 ಗಂಟೆ. ಸರದಿಯ ತಲೆಯಲ್ಲಿ ‘ಬಿ’ ಇದೆ, ಅದಕ್ಕೆ 8 ನೋಡ್ ಬೇಕು. ಬಂದವರಿಗೆ ಬಂದ ಕ್ರಮದಲ್ಲೇ ಕೊಡೋದಾದರೆ ‘ಬಿ’ 4 ಗಂಟೆ ಕಾಯಬೇಕು, ಅದರ ಹಿಂದಿನವರೆಲ್ಲ ಅದರ ಜೊತೆ ಕಾಯಬೇಕು. ಅಷ್ಟು ಹೊತ್ತು 4 ನೋಡ್ ಖಾಲಿ, ಅಂದರೆ 16 ನೋಡ್-ಗಂಟೆ ನೀರಲ್ಲಿ ಹೋಮ.

‘ಈಸಿ’ ಏನು ಮಾಡುತ್ತೆ? ಮೊದಲು ‘ಬಿ’ಗೆ 4ನೇ ಗಂಟೆಗೆ ಜಾಗ ಕಾದಿರಿಸುತ್ತೆ. ಆಮೇಲೆ ಹಿಂದಿನವರನ್ನು ಒಬ್ಬೊಬ್ಬರಾಗಿ ನೋಡುತ್ತೆ. ‘ಸಿ’ಗೆ 4 ನೋಡ್, 3 ಗಂಟೆ ಬೇಕು: ‘ಬಿ’ ಶುರುವಾಗೋದರೊಳಗೆ ಮುಗಿಯುತ್ತೆ, ಈಗಲೇ ಓಡಲಿ. ‘ಡಿ’ಗೆ 4 ನೋಡ್, 6 ಗಂಟೆ ಬೇಕು: ಬಿಟ್ಟರೆ ‘ಬಿ’ಗೆ ಅಡ್ಡ ಬರುತ್ತೆ, ಬೇಡ. ‘ಇ’ಗೆ 2 ನೋಡ್, 10 ಗಂಟೆ ಬೇಕು. ಉದ್ದದ ಕೆಲಸ ನಿಜ, ಆದರೆ ‘ಬಿ’ 8 ನೋಡ್ ತೊಗೊಂಡ ಮೇಲೂ 2 ಉಳಿಯುತ್ತವಲ್ಲ? ಹಾಗಾಗಿ 3ನೇ ಗಂಟೆಗೆ ‘ಸಿ’ ಮುಗಿದ ಕೂಡಲೇ ‘ಇ’ ಓಡಬಹುದು. ‘ಡಿ’ಯ ಮಾಲೀಕರಿಗೆ ಇದು ಅನ್ಯಾಯ ಅನ್ನಿಸುತ್ತೆ. ಆದರೆ ನಿಯಮ ಒಂದೇ: ತಲೆಯಲ್ಲಿ ಇರುವವರಿಗೆ ತಡವಾಗಬಾರದು.

ಎಲ್ಲರೂ ಜಾಸ್ತಿ ಕೇಳ್ತಾರೆ

ಈ ಲೆಕ್ಕವೆಲ್ಲ ನಿಂತಿರೋದು ಒಂದು ಸಂಖ್ಯೆಯ ಮೇಲೆ: ಜಾಬ್ ಎಷ್ಟು ಹೊತ್ತು ಓಡುತ್ತೆ? ಅದನ್ನು ಹೇಳಬೇಕಾದವರು ನಾವೇ. ಹೇಳಿದ ಹೊತ್ತು ಮೀರಿದರೆ ಶೆಡ್ಯೂಲರ್ ಜಾಬನ್ನು ಕೊಂದುಬಿಡುತ್ತೆ. ಆ ಭಯಕ್ಕೆ ಎರಡು ಗಂಟೆಯ ಕೆಲಸಕ್ಕೂ 24 ಗಂಟೆ ಅಂತ ಬರೆಯೋದು ಎಲ್ಲ ಕಡೆ ಇರುವ ಅಭ್ಯಾಸ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಡ್ರೋರ್ ಫೈಟೆಲ್ಸನ್ ಮತ್ತು ಸಂಗಡಿಗರು ನಿಜವಾದ ಸೂಪರ್‌ಕಂಪ್ಯೂಟರ್‌ಗಳ ದಾಖಲೆ ತೆಗೆದು ನೋಡಿದಾಗ ಬಳಕೆದಾರರ ಅಂದಾಜುಗಳು ಬಹಳ ಕೆಟ್ಟದಾಗಿದ್ದವು.

ವಿಚಿತ್ರ ಏನಂದ್ರೆ, 2001ರ ಅವರ ಪ್ರಬಂಧದ ಪ್ರಕಾರ ಈ ತಪ್ಪು ಅಂದಾಜುಗಳಿಂದ ಒಟ್ಟಾರೆ ವ್ಯವಸ್ಥೆಗೆ ಅಂಥ ಹಾನಿಯೇನೂ ಕಾಣಲಿಲ್ಲ! ಯಾಕಂದ್ರೆ 24 ಗಂಟೆ ಅಂತ ಹೇಳಿದ ಜಾಬ್ ಎರಡೇ ಗಂಟೆಗೆ ಮುಗಿದಾಗ ಇದ್ದಕ್ಕಿದ್ದಂತೆ ದೊಡ್ಡ ಜಾಗ ತೆರೆದುಕೊಳ್ಳುತ್ತೆ, ಅದರೊಳಗೆ ಸಣ್ಣ ಜಾಬ್‌ಗಳು ನುಗ್ಗುತ್ತವೆ. ಹಾಗಂತ ವಿಷಯ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಡಾನ್ ಟ್ಸಫ್ರಿರ್, ಯೋವ್ ಎಟ್ಸಿಯಾನ್ ಮತ್ತು ಫೈಟೆಲ್ಸನ್ ಇನ್ನೊಂದು ಪ್ರಬಂಧ ಬರೆದರು. ಬಳಕೆದಾರರನ್ನು ನಂಬೋ ಬದಲು, ಅದೇ ಬಳಕೆದಾರರ ಹಿಂದಿನ ಎರಡು ಜಾಬ್‌ಗಳು ಎಷ್ಟು ಹೊತ್ತು ಓಡಿದ್ದವು ಅನ್ನೋದರ ಸರಾಸರಿ ತೊಗೊಳ್ಳಿ. ಇಷ್ಟೇ. ಇಷ್ಟು ಸರಳ ಊಹೆಯೇ ಮನುಷ್ಯರ ಅಂದಾಜಿಗಿಂತ ಚೆನ್ನಾಗಿ ಕೆಲಸ ಮಾಡಿತು. ಜಾಬ್ ಕೊಲ್ಲೋಕೆ ಮಾತ್ರ ಬಳಕೆದಾರರು ಕೊಟ್ಟ ಗಡುವನ್ನೇ ಇಟ್ಟುಕೊಂಡರು.

ಸಮಯದ ಕತೆ ಹೀಗಾದರೆ, ಮೆಮೊರಿ ಮತ್ತು ಪ್ರೊಸೆಸರ್ ಕತೆಯೂ ಇದೇ. ಗೂಗಲ್ ತನ್ನ ‘ಬೋರ್ಗ್’ ವ್ಯವಸ್ಥೆಯ ಬಗ್ಗೆ 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಪರಿಹಾರ ಇದೆ. ಒಂದು ಕೆಲಸ ಕೇಳಿದ್ದೆಷ್ಟು, ನಿಜವಾಗಿ ಬಳಸ್ತಾ ಇರೋದೆಷ್ಟು ಅಂತ ಬೋರ್ಗ್ ಗಮನಿಸುತ್ತಾ ಇರುತ್ತೆ. ಕೇಳಿ ಬಳಸದೆ ಬಿಟ್ಟ ಭಾಗವನ್ನು ಕಡಿಮೆ ಆದ್ಯತೆಯ ಕೆಲಸಗಳಿಗೆ ಕೊಡುತ್ತೆ. ಮೂಲ ಮಾಲೀಕರು ವಾಪಸ್ ಕೇಳಿದರೆ ಈ ಎರವಲು ಕೆಲಸಗಳು ಜಾಗ ಖಾಲಿ ಮಾಡಬೇಕು. ಸಾಧಾರಣ ಒಂದು ಗುಂಪಿನ ಯಂತ್ರಗಳಲ್ಲಿ ಸುಮಾರು 20% ಕೆಲಸ ಹೀಗೆ ಎರವಲು ಜಾಗದಲ್ಲೇ ನಡೆಯುತ್ತೆ ಅಂತ ಆ ಪ್ರಬಂಧ ಹೇಳುತ್ತೆ.

ಕೊನೆಯ ಐದು

ಜಾಗ ಸಿಕ್ಕಿತು, ಕೆಲಸ ಶುರುವಾಯ್ತು ಅಂದುಕೊಳ್ಳಿ. ಅಲ್ಲಿಗೂ ತೊಂದರೆ ತಪ್ಪಲಿಲ್ಲ. 2004ರ ಮ್ಯಾಪ್‌ರೆಡ್ಯೂಸ್ ಪ್ರಬಂಧದಲ್ಲಿ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ ಸುಮಾರು 1 ಟೆರಾಬೈಟ್ ದತ್ತಾಂಶವನ್ನು ಸಾರ್ಟ್ ಮಾಡಿದ ಲೆಕ್ಕ ಕೊಟ್ಟಿದ್ದಾರೆ. 960 ಸೆಕೆಂಡ್ ಹೊತ್ತಿಗೆ ಐದು ರೆಡ್ಯೂಸ್ ಟಾಸ್ಕ್ ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಆ ಐದಕ್ಕೆ ಇನ್ನೂ 300 ಸೆಕೆಂಡ್ ಹಿಡಿಯಿತು. ಒಟ್ಟು 1283 ಸೆಕೆಂಡ್.

ಯಾಕೆ ಹೀಗೆ? ಯಂತ್ರ ಸತ್ತಿರಲ್ಲ, ಕುಂಟ್ತಾ ಇರುತ್ತೆ. ಹಾಳಾಗ್ತಿರುವ ಡಿಸ್ಕ್ ಪದೇ ಪದೇ ದೋಷ ಸರಿಪಡಿಸಿಕೊಳ್ಳುತ್ತಾ ಸೆಕೆಂಡಿಗೆ 30 ಮೆಗಾಬೈಟ್ ಓದೋ ಜಾಗದಲ್ಲಿ 1 ಮೆಗಾಬೈಟ್ ಓದುತ್ತೆ. ಒಮ್ಮೆಯಂತೂ ಒಂದು ಬಗ್‌ನಿಂದ ಪ್ರೊಸೆಸರ್ ಕ್ಯಾಶೆಯೇ ಆಫ್ ಆಗಿ, ಕೆಲಸ ನೂರು ಪಟ್ಟಿಗಿಂತ ನಿಧಾನವಾಗಿತ್ತಂತೆ. ಸತ್ತ ಯಂತ್ರವನ್ನು ಪತ್ತೆ ಹಚ್ಚೋದು ಸುಲಭ, ಕುಂಟುವ ಯಂತ್ರವನ್ನು ಹಿಡಿಯೋದು ಕಷ್ಟ.

ಅವರ ಪರಿಹಾರ: ಕೆಲಸ ಮುಗಿಯುತ್ತಾ ಬಂದಾಗ ಉಳಿದಿರುವ ಟಾಸ್ಕ್‌ಗಳ ಇನ್ನೊಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಶುರು ಮಾಡಿ. ಯಾವುದು ಮೊದಲು ಮುಗಿಯುತ್ತೋ ಅದನ್ನು ತೊಗೊಳ್ಳಿ. ಇದರಿಂದ ಅದೇ ಸಾರ್ಟ್ 891 ಸೆಕೆಂಡಿಗೆ ಮುಗಿಯಿತು. ಈ ಉಪಾಯ ಇಲ್ಲದಿದ್ದರೆ 44% ಜಾಸ್ತಿ ಸಮಯ. ಆದರೆ ಇದು ಎಲ್ಲ ಕಡೆ ನಡೆಯೋದಿಲ್ಲ. ಒಂದೊಂದು ಟಾಸ್ಕ್ ಸ್ವತಂತ್ರವಾಗಿದ್ದು, ಎರಡು ಸಲ ಮಾಡಿದರೂ ಫಲಿತಾಂಶ ಕೆಡಬಾರದು. ಪ್ರತಿ ಹೆಜ್ಜೆಗೂ ಎಲ್ಲರೂ ಎಲ್ಲರಿಗಾಗಿ ಕಾಯುವ ಎಂಪಿಐ ಪ್ರೋಗ್ರಾಂಗಳಲ್ಲಿ ಒಬ್ಬ ಕುಂಟಿದರೆ ಇಡೀ ಮೆರವಣಿಗೆ ನಿಲ್ಲುತ್ತೆ.

ದೊಡ್ಡದಾದಷ್ಟೂ ಇದು ಬಿಗಡಾಯಿಸುತ್ತೆ. ಒಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ತಡ ಮಾಡುತ್ತೆ ಅಂದುಕೊಳ್ಳಿ. ಒಂದು ಕೋರಿಕೆಗೆ ಅಂಥ 100 ಸರ್ವರ್‌ಗಳ ಉತ್ತರ ಬೇಕಿದ್ದರೆ? 0.99ರ ನೂರನೇ ಘಾತ ಸುಮಾರು 0.37. ಅಂದರೆ 63% ಕೋರಿಕೆಗಳು ತಡವಾಗುತ್ತವೆ. ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ತೋರಿಸಿದ ಲೆಕ್ಕ ಇದೇ. ಕ್ಯಾಲ್ಕುಲೇಟರ್ ತೆಗೆದು ನೀವೇ ನೋಡಬಹುದು.

ನಮಗೇನು ಇದರಿಂದ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ನಮ್ಮ ಲ್ಯಾಬ್‌ಗಳ ಕ್ಲಸ್ಟರ್‌ನಲ್ಲಿ ಬೆರಳೆಣಿಕೆಯ ನೋಡ್‌ಗಳಿರಬಹುದು. ಎರಡು ಕಡೆಯೂ ಹಂಚಿಕೊಳ್ಳುವ ಸಮಸ್ಯೆ ಒಂದೇ. ಹಾಗಾಗಿ ಮುಂದಿನ ಸಲ ಜಾಬ್ ಹಾಕೋವಾಗ ಇಷ್ಟು ನೆನಪಿಟ್ಟುಕೊಳ್ಳೋಣ.

ಮೊದಲು ಸಣ್ಣ ದತ್ತಾಂಶದ ಮೇಲೆ ಓಡಿಸಿ ಸಮಯ ಅಳೆಯೋಣ, ಅದರ ಮೇಲೆ ಸ್ವಲ್ಪ ಸೇರಿಸಿ ಕೇಳೋಣ. ತಪ್ಪು ಅಂದಾಜನ್ನು ಇಡೀ ವ್ಯವಸ್ಥೆ ತಡಕೊಳ್ಳಬಹುದು, ಆದರೆ 24 ಗಂಟೆ ಅಂತ ಬರೆದ ನಮ್ಮ ಎರಡು ಗಂಟೆಯ ಜಾಬ್ ಮೂರು ಗಂಟೆಯ ಸಂದಿಯಲ್ಲಿ ತೂರೋದಿಲ್ಲ. ಉದ್ದದ ಕೆಲಸವನ್ನು ಚೆಕ್‌ಪಾಯಿಂಟ್ ಇಟ್ಟು ತುಂಡು ಮಾಡೋಣ. ಆಗ ಗಡುವು ಮೀರಿ ಜಾಬ್ ಸತ್ತರೂ ಎಲ್ಲ ಕಳೆದುಹೋಗಲ್ಲ, ಸಣ್ಣ ತುಂಡುಗಳಿಗೆ ಜಾಗವೂ ಬೇಗ ಸಿಗುತ್ತೆ. ಬಳಸದ ಜಿಪಿಯು ಹಿಡಿದು ರಾತ್ರಿಯಿಡೀ ನೋಟ್‌ಬುಕ್ ತೆರೆದಿಡೋದು ಬೇಡ. ಅನೇಕ ಕಡೆ ಬಳಸುವ ಸ್ಲರ್ಮ್‌ನಲ್ಲಿ ಫೇರ್-ಶೇರ್ ಹಾಕಿದ್ದರೆ, ಹಿಂದೆ ಹೆಚ್ಚು ಬಳಸಿದವರ ಆದ್ಯತೆ ಇಳಿಯುತ್ತೆ. ಸುಮ್ಮನೆ ಹಿಡಿದಿಟ್ಟ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತೆ. ಅದೇ ರಾತ್ರಿ ಪಕ್ಕದ ರೂಮಿನಲ್ಲಿ ಒಬ್ಬರು ರಿವ್ಯೂಗೆ ಮುಂಚೆ ಒಂದು ಫಲಿತಾಂಶ ಬರಲಿ ಅಂತ ‘ಪೆಂಡಿಂಗ್’ ನೋಡ್ತಾ ಕೂತಿರಬಹುದು. ಶೆಡ್ಯೂಲರ್ ಎಷ್ಟೇ ಜಾಣವಾಗಿದ್ದರೂ, ನಾವು ಬಿಟ್ಟುಕೊಡದ ಜಾಗವನ್ನು ಅವರಿಗೆ ಕೊಡೋಕೆ ಅದರಿಂದ ಆಗೋದಿಲ್ಲ.