ಶೇಕಡಾ ಎಷ್ಟು? ಯಾವುದರ ಮೇಲೆ?

ಫ್ರಾಂಚೈಸಿ ಜಾಹೀರಾತುಗಳಲ್ಲಿ ‘ಶೇ. 20 ಲಾಭ’ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದು ಯಾವುದರ ಮೇಲಿನ ಶೇ. 20 ಎಂಬುದು ಮಾತ್ರ ಕಾಣಿಸುವುದಿಲ್ಲ. ಲಾಭದ ಲೆಕ್ಕವೆಲ್ಲ ಕೂತಿರುವುದು ಅಲ್ಲೇ.

ಅಮುಲ್ ಮಳಿಗೆಯನ್ನೇ ನೋಡೋಣ. ಕಂಪನಿ ಇಲ್ಲಿ ರಾಯಲ್ಟಿ ಕೇಳುವುದಿಲ್ಲ. ಅದು ಪ್ರಕಟಿಸಿರುವ ದರಗಳಂತೆ ಮಳಿಗೆಯವರಿಗೆ ಎಂಆರ್‌ಪಿ ಮೇಲೆ ಸಿಗುವುದು ಪ್ಯಾಕೆಟ್ ಹಾಲಿಗೆ ಸರಾಸರಿ ಶೇ. 2.5, ಇತರ ಹಾಲಿನ ಉತ್ಪನ್ನಗಳಿಗೆ ಶೇ. 10, ಐಸ್‌ಕ್ರೀಮಿಗೆ ಶೇ. 20. ಸ್ಕೂಪಿಂಗ್ ಪಾರ್ಲರಿನಲ್ಲಿ ಅಲ್ಲೇ ತಯಾರಿಸಿ ಕೊಡುವ ಶೇಕ್, ಪಿಜ್ಜಾ, ಸ್ಯಾಂಡ್‌ವಿಚ್‌ಗಳಿಗೆ ಶೇ. 50, ಆದರೆ ಕೈಕೆಲಸದ ಕೂಲಿಯನ್ನು ಅದರಲ್ಲೇ ಕಳೆಯಬೇಕು.

ಹಾಲಿನ ಒಂದು ಪ್ಯಾಕೆಟ್ ಒಡೆದು ಹೋಯಿತು, ಅದರ ನಷ್ಟ ನಿಮ್ಮ ತಲೆಗೇ ಬಂತು ಅನ್ನಿ. ಅದನ್ನು ತುಂಬಿಕೊಳ್ಳಲು ಇನ್ನೂ 39 ಪ್ಯಾಕೆಟ್ ಮಾರಬೇಕು. ಐಸ್‌ಕ್ರೀಮ್ ಕಪ್ ಒಂದು ಕರಗಿದರೆ ನಾಲ್ಕು ಮಾರಿದರೆ ಸಾಕು. ಹಾಗೆಂದು ಹಾಲನ್ನು ಬಿಡುವಂತಿಲ್ಲ. ಬೆಳಗ್ಗೆ ಗಿರಾಕಿಯನ್ನು ಅಂಗಡಿಗೆ ಕರೆತರುವುದೇ ಅದು.

ಈಗ ತಿಂಗಳ ಲೆಕ್ಕ. ದಿನಕ್ಕೆ ಹಾಲು ₹10,000, ಉತ್ಪನ್ನಗಳು ₹3,000, ಐಸ್‌ಕ್ರೀಮ್ ₹2,000 ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳಿ. ಕೈಗೆ ಬರುವುದು ₹250, ₹300, ₹400, ಒಟ್ಟು ₹950. ತಿಂಗಳಿಗೆ ₹28,500. ಬಾಡಿಗೆ ₹12,000, ಕರೆಂಟು ಬಿಲ್ಲು ₹4,000, ಹುಡುಗನ ಸಂಬಳ ₹9,000 ಕಳೆದರೆ ಉಳಿಯುವುದು ₹3,500. ನಾಲ್ಕೂವರೆ ಲಕ್ಷದ ವಹಿವಾಟಿನಲ್ಲಿ ಇದು ಶೇ. 1ಕ್ಕೂ ಕಡಿಮೆ! ಹುಡುಗನನ್ನು ಬಿಡಿಸಿ ಮಾಲೀಕರೇ ಇಡೀ ದಿನ ನಿಂತರೆ ₹12,500 ಆಗುತ್ತದೆ, ನಿಜ. ಆದರೆ ಹೆಚ್ಚಿಗೆ ಬಂದ ₹9,000 ಅವರ ದುಡಿಮೆಯ ಕೂಲಿ. ಅದನ್ನು ಲಾಭ ಎಂದು ಬರೆದುಕೊಳ್ಳುವ ಅಭ್ಯಾಸ ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಬಹಳ.

ಅಮೆರಿಕದ ಸರಪಳಿಗಳಲ್ಲಿ ಕಂಪನಿ ತನ್ನ ಪಾಲನ್ನು ಎಲ್ಲಿಂದ ಎತ್ತುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಸಬ್‌ವೇಯಲ್ಲಿ ಸಾಮಾನ್ಯವಾಗಿ ಮಾರಾಟದ ಮೇಲೆ ಶೇ. 8 ರಾಯಲ್ಟಿ, ಜಾಹೀರಾತಿಗೆ ಶೇ. 4.5. ನಷ್ಟದ ತಿಂಗಳಲ್ಲೂ ಈ ಹನ್ನೆರಡೂವರೆ ತಪ್ಪದು. ಸೆವೆನ್-ಇಲೆವೆನ್ ಹಂಚಿಕೊಳ್ಳುವುದು ಸರಕಿನ ವೆಚ್ಚ ಕಳೆದ ಒಟ್ಟು ಲಾಭವನ್ನು. ಮೆಕ್‌ಡೊನಾಲ್ಡ್ಸ್‌ನ ದಾರಿಯೇ ಬೇರೆ. 1955ರಲ್ಲಿ ರೇ ಕ್ರಾಕ್ ಅದರ ಫ್ರಾಂಚೈಸಿ ಮಾರಲು ಶುರು ಮಾಡಿದಾಗ ಪಡೆಯುತ್ತಿದ್ದುದು ಮಾರಾಟದ ಶೇ. 1.9 ಮಾತ್ರ; ಅದರಲ್ಲೂ ಶೇ. 0.5 ಮೂಲ ಹೋಟೆಲಿನ ಮಾಲೀಕರಾದ ಮೆಕ್‌ಡೊನಾಲ್ಡ್ ಸಹೋದರರಿಗೆ ಹೋಗುತ್ತಿತ್ತು. ಕಂಪನಿ ಬದುಕುವುದೇ ಕಷ್ಟವಾಗಿದ್ದಾಗ ಅದರ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯಾರಿ ಸೊನೆಬಾರ್ನ್ ತೋರಿಸಿದ ಉಪಾಯ: ಜಾಗ ಕಂಪನಿಯ ಹಿಡಿತದಲ್ಲಿರಲಿ, ಹೋಟೆಲಿನವರು ಬಾಡಿಗೆ ಕಟ್ಟಲಿ. ಬರ್ಗರಿನ ಹೆಸರಿನ ಆ ಕಂಪನಿಗೆ ಇಂದಿಗೂ ದೊಡ್ಡ ವರಮಾನ ಬಾಡಿಗೆಯದೇ.

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಸಹಿಗೆ ಕನಿಷ್ಠ 14 ದಿನ ಮೊದಲು ಶುಲ್ಕ, ಮೊಕದ್ದಮೆ, ಮುಚ್ಚಿದ ಮಳಿಗೆಗಳ ವಿವರವನ್ನೆಲ್ಲ ಬರೆದು ಕೊಡಬೇಕು. ಗಳಿಕೆಯ ಅಂಕಿ ಕೊಡುವುದು ಅಲ್ಲಿಯೂ ಅವರ ಇಷ್ಟ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆಯಡಿ ಬರೆದುಕೊಂಡ ಒಪ್ಪಂದವೇ ಆಧಾರ. ಹಾಗಾಗಿ ಸಹಿ ಹಾಕುವ ಮುನ್ನ ಅದೇ ಕಂಪನಿಯ ಹಳೆಯ ಮಳಿಗೆಯೊಂದಕ್ಕೆ ಹೋಗಿ ಬಾಡಿಗೆ ಎಷ್ಟು, ಕರೆಂಟು ಬಿಲ್ಲು ಎಷ್ಟು, ಹಾಳಾಗುವ ಸರಕು ಎಷ್ಟು ಎಂದು ಕೇಳಿ ಬರುವುದು ಕೊಳ್ಳುವವರ ಕೆಲಸವೇ ಆಗುತ್ತದೆ.