ಅಂಚಿನ ಮುದ್ರೆಯ ಅರ್ಧ ಸತ್ಯ

ಜಪಾನಿನ ಚಿತ್ರಕಾರ ಯೊಶಿದಾ ಹಿರೋಶಿ (1876–1950) 1931ರಲ್ಲಿ ರಚಿಸಿದ ಫತೇಪುರ್ ಸಿಕ್ರಿಯ ಮರದಚ್ಚಿನ ಚಿತ್ರದಲ್ಲಿ ನೋಡುಗನ ಕಣ್ಣು ಮೊದಲು ನೆಡುವುದು ಜಾಲಂಧ್ರಗಳ ಮೇಲೆ. ಹೊರಗಿನ ಬಿಸಿಲು ಆ ಕಿಂಡಿಗಳಲ್ಲಿ ತೂರಿ ಜೇನಿನ ಬಣ್ಣಕ್ಕೆ ತಿರುಗಿ, ಒಳಗೆ ಕುಳಿತವರ ಸುತ್ತ ನೆರಳಿನೊಂದಿಗೆ ಬೆರೆತಿರುವುದನ್ನು ಕಂಡಾಗ, ಇದು ಕುಂಚದ ಕೆಲಸವಲ್ಲ, ಹಲಗೆಯಿಂದ ಒತ್ತಿದ ಅಚ್ಚು ಎಂದು ನಂಬಲು ತುಸು ಹೊತ್ತು ಬೇಕು. ನಂಬಿಕೆ ಬಂದ ಮೇಲೆ ಕಣ್ಣು ಎಡ ಅಂಚಿಗೆ ಜಾರುತ್ತದೆ. ಅಲ್ಲಿ ‘ಜಿಜುರಿ’, ಅಂದರೆ ‘ಸ್ವತಃ ಒತ್ತಿದ್ದು’, ಎಂಬ ಪುಟ್ಟ ಮುದ್ರೆಯಿದೆ. ಈ ಮುದ್ರೆಯನ್ನು ಅಕ್ಷರಶಃ ನಂಬುವಂತಿಲ್ಲ.

ಉಕಿಯೊ–ಎ ಎಂದು ಹೆಸರಾದ ಹಳೆಯ ಪದ್ಧತಿಯಲ್ಲಿ ಹೊಕುಸಾಯ್, ಹಿರೋಶಿಗೆ ಮುಂತಾದವರು ಚಿತ್ರ ಬರೆದುಕೊಡುತ್ತಿದ್ದರೇ ಹೊರತು ಹಲಗೆ ಕೆತ್ತುವವನು ಬೇರೆ, ಅಚ್ಚು ಒತ್ತುವವನು ಬೇರೆ, ಇವರೆಲ್ಲರನ್ನೂ ಕೂಡಿಸಿ ಹಣ ಹೂಡುವ ಪ್ರಕಾಶಕ ಇನ್ನೊಬ್ಬ. ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿ ಕವಲೊಡೆಯಿತು. ಬರೆಯುವುದು, ಕೆತ್ತುವುದು, ಒತ್ತುವುದು ಎಲ್ಲವೂ ಕಲಾವಿದನ ಕೈಯಲ್ಲೇ ಆಗಬೇಕೆಂದ ‘ಸೊಸಾಕು ಹಂಗಾ’ ಪಂಥ ಒಂದೆಡೆ ನಿಂತರೆ, ಹಳೆಯ ಕೆಲಸದ ಹಂಚಿಕೆಯನ್ನೇ ಉಳಿಸಿಕೊಂಡು ಹೊಸ ಬಗೆಯ ಚಿತ್ರ ತಂದ ಪ್ರಕಾಶಕ ವತನಾಬೆ ಶೊಜಾಬುರೊನ ‘ಶಿನ್ ಹಂಗಾ’ ಇನ್ನೊಂದೆಡೆ ನಿಂತಿತು. ತೈಲವರ್ಣ, ಜಲವರ್ಣಗಳಲ್ಲಿ ಪಳಗಿದ್ದ ಯೊಶಿದಾ 1920ರಲ್ಲಿ ವತನಾಬೆಯ ಜೊತೆ ಸೇರಿದ. 1923ರ ಭೂಕಂಪದ ಬೆಂಕಿ ವತನಾಬೆಯ ಅಂಗಡಿಯನ್ನೂ ಹಲಗೆಗಳನ್ನೂ ನುಂಗಿದ ಬಳಿಕ, 1925ರಿಂದ ಯೊಶಿದಾ ತನ್ನದೇ ಕಾರ್ಯಾಗಾರ ನಡೆಸಿದ.

ಮುದ್ರೆಯ ತೊಡಕು ಇರುವುದು ಇಲ್ಲೇ. ಆ ಕಾರ್ಯಾಗಾರದಲ್ಲೂ ಕೆತ್ತುವವರು, ಒತ್ತುವವರು ಸಂಬಳಕ್ಕಿದ್ದರು. ಕೊಜೊ ಎಂಬ, ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಗಿಡದ ನಾರಿನಿಂದ ಮಾಡಿದ ಕಾಗದವನ್ನು ನೀರಿನಲ್ಲಿ ಹದವಾಗಿ ತೇವಗೊಳಿಸಿ, ಚೆರಿ ಮರದ ಹಲಗೆಗೆ ನೀರುಬಣ್ಣವನ್ನೂ ಅಕ್ಕಿಯ ಅಂಟನ್ನೂ ಬಳಿದು, ಹಲಗೆಯ ಮೂಲೆಯಲ್ಲಿ ಕೊರೆದ ‘ಕೆಂತೊ’ ಎಂಬ ಗುರುತಿಗೆ ಕಾಗದದ ಅಂಚನ್ನು ಕೂಡಿಸಿ, ಬಿದಿರಿನ ಹಾಳೆ ಸುತ್ತಿದ ‘ಬರೆನ್’ ಎಂಬ ಬಿಲ್ಲೆಯಿಂದ ಬೆನ್ನು ಉಜ್ಜುವ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಆ ಸಂಬಳದ ಕೈಗಳೇ. ಗುರುತು ಕೂದಲೆಳೆಯಷ್ಟು ತಪ್ಪಿದರೂ ಬಣ್ಣ ಗೆರೆ ದಾಟುತ್ತದೆ. ಹಳೆಯ ಚಿತ್ರಗಳಿಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ಒತ್ತು ಸಾಕಾಗುತ್ತಿದ್ದ ಕಡೆ, 1937ರ ಯೊಮೆಯ್‌ಮೊನ್ ದ್ವಾರದ ಚಿತ್ರಕ್ಕೆ ಒಂದೇ ಹಾಳೆಯ ಮೇಲೆ 96 ಸಲ ಒತ್ತಲಾಯಿತು. ಅಷ್ಟು ಸಲ ಉಜ್ಜಿದವನ ಹೆಸರು ಅಂಚಿನಲ್ಲಿಲ್ಲ.

ಹಾಗೆಂದು ಮುದ್ರೆಯನ್ನು ಹಸಿ ಸುಳ್ಳೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಯೊಶಿದಾ ಕೆತ್ತನೆ, ಒತ್ತುವಿಕೆ ಎರಡನ್ನೂ ಕಲಿತಿದ್ದ, ಕೆಲವೊಮ್ಮೆ ತಾನೇ ಉಳಿ ಹಿಡಿದ, ಒತ್ತುವವರ ಪಕ್ಕದಲ್ಲೇ ನಿಂತು ಬಣ್ಣದ ಹದ ನೋಡಿದ. ‘ನೆಜುಮಿ’ ಎಂದರೆ ಇಲಿ. ಇಲಿಬಣ್ಣದ, ಅಂದರೆ ಬೂದುಬಣ್ಣದ, ಒಂದು ಪದರವನ್ನು ಇತರ ಬಣ್ಣಗಳೊಡನೆ ಸೇರಿಸಿ ನೆರಳಿಗೆ ಆಳ ಕೊಡುವುದು ಅವನ ನೆಚ್ಚಿನ ಉಪಾಯವಾಗಿತ್ತು. ಬಣ್ಣ ಬದಲಿಸಿದರೆ ಹೊತ್ತು ಬದಲಾಗುತ್ತದೆಂಬುದನ್ನು ಅವನಷ್ಟು ಹಟದಿಂದ ಪರೀಕ್ಷಿಸಿದವರು ವಿರಳ: ಒಂದೇ ಹಲಗೆಗಳಿಂದ 1925ರಲ್ಲಿ ಸ್ಫಿಂಕ್ಸ್‌ನ ಹಗಲು, ಇರುಳು ಎರಡೂ ಮೂಡಿದವು, 1926ರಲ್ಲಿ ಹಾಯಿದೋಣಿಗಳು ಬೆಳಗಿನಿಂದ ಮಂಜು, ಸಂಜೆ, ರಾತ್ರಿಯವರೆಗೆ ಆರು ರೂಪ ತಳೆದವು. ಕೆಲಸಗಾರರ ಕೈಗಳು ಒಂದೇ ಕಣ್ಣಿನ ಅಪ್ಪಣೆಯಲ್ಲಿ ಆಡಿದವೆಂಬ ಅರ್ಥದಲ್ಲಿ ಮುದ್ರೆಯ ಮಾತಿಗೆ ಅರ್ಧದಷ್ಟಾದರೂ ತೂಕವಿದೆ.

1930ರ ಕೊನೆಯಲ್ಲಿ ಹಿರಿಯ ಮಗ ತೊಶಿಯೊಡನೆ ಭಾರತಕ್ಕೂ ಆಗ್ನೇಯ ಏಷ್ಯಕ್ಕೂ ಹೊರಟ ಯೊಶಿದಾ ತಾಜ್‌ಮಹಲ್, ಕಾಂಚನಜುಂಗಾ, ಉದಯಪುರ, ಅಜಂತಾ, ಮಧುರೈ, ರಾಷ್ಟ್ರಕೂಟರ ಕೈಲಾಸ ದೇಗುಲವಿರುವ ಎಲ್ಲೋರ ಇವೆಲ್ಲವನ್ನೂ ಕಂಡ. ಪ್ರವಾಸದ ಫಲವಾಗಿ 1931–32ರಲ್ಲಿ 32 ಚಿತ್ರಗಳು ಹೊರಬಂದವು. ಒಂದೇ ತಾಜ್‌ಮಹಲಿಗೆ ಅವನು ಬೆಳದಿಂಗಳು, ಮುಂಜಾವಿನ ಮಂಜು, ಇರುಳು ಎಂದು ಮತ್ತೆ ಮತ್ತೆ ಮರಳಿದ್ದು ತುಸು ಅತಿಯೆನಿಸಿದರೂ, ಮಂಜಿನ ಚಿತ್ರದಲ್ಲಿ ಗುಮ್ಮಟ ಕಾಗದದೊಳಗೇ ಕರಗಿ ಹೋಗುವ ಬಗೆ ಆ ಹಟವನ್ನು ಮನ್ನಿಸುತ್ತದೆ.

ಅವನು ತೀರಿಕೊಂಡ ಮೇಲೂ ಅದೇ ಹಲಗೆಗಳಿಂದ ಚಿತ್ರಗಳು ಬಂದವು, ಆದರೆ ಅವುಗಳಲ್ಲಿ ಜಿಜುರಿ ಮುದ್ರೆಯಿಲ್ಲ. ಪೆನ್ಸಿಲಿನ ಸಹಿಯ ಜಾಗದಲ್ಲಿ ಅದರ ಪಡಿಯಚ್ಚಿದೆ. ಹೀಗಾಗಿ ಸಂಗ್ರಹಕಾರರು ಇಂದಿಗೂ ತಾಜ್‌ಮಹಲಿಗಿಂತ ಮೊದಲು ಅದರ ಎಡ ಅಂಚನ್ನು ನೋಡುತ್ತಾರೆ.