ರೂಮ್ ಹೀಟರ್ ಕೊಳ್ಳುವ ಮುನ್ನ



ಭಾಗಮಂಡಲದ ಮಳೆ ಹೇಗಿರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ ಮುಗಿದರೂ ಬಿಡೋದಿಲ್ಲ. ಸಂಗಮ ತುಂಬಿ ರಸ್ತೆಗೆ ನೀರು ಬರುತ್ತದೆ, ಸೌದೆ ಒದ್ದೆ, ಬಟ್ಟೆ ವಾರವಾದರೂ ಒಣಗೋದಿಲ್ಲ. ಮಳೆ ನಿಂತ ಮೇಲೆ ಡಿಸೆಂಬರ್, ಜನವರಿಯ ಚಳಿ. ಹಾಗಾಗಿ "ಸಿಸ್ಟರ್, ಯಾವ ಹೀಟರ್ ತಗೊಂಡ್ರೆ ಒಳ್ಳೇದು?" ಎಂಬ ಪ್ರಶ್ನೆ ಸಂಘಗಳಲ್ಲಿ ಬರುತ್ತಿದೆ. ಹೀಟರ್ ಕೊಳ್ಳುವ ಹಣಕ್ಕಿಂತ ಅದಕ್ಕೆ ಕಟ್ಟುವ ಕರೆಂಟ್ ಬಿಲ್ಲೇ ಹೆಚ್ಚಾಗಬಹುದು. ಆದ್ದರಿಂದ ಮೊದಲು ತಿಳಿದುಕೊಂಡು ಆಮೇಲೆ ಕೊಳ್ಳೋಣ.

ಕೆಂಡದ ಅಪಾಯ

ನಮ್ಮ ಮನೆಗಳಲ್ಲಿ ಬಾಣಂತಿಗೆ, ಹಿರಿಯರಿಗೆ ಕೋಣೆಯೊಳಗೆ ಕೆಂಡ ಇಡುವುದು ಹಳೆಯ ರೂಢಿ. ಆಗಿನ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿ ಓಡಾಡುತ್ತಿತ್ತು. ಈಗ ತಾರಸಿ ಮನೆ, ಗಾಜಿನ ಕಿಟಕಿ. ಬಾಗಿಲು ಹಾಕಿದರೆ ಗಾಳಿಗೆ ದಾರಿಯೇ ಇಲ್ಲ. ಅಂಥ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅನಿಲ ಇರುತ್ತದೆ. ಮಲಗಿದವರು ನಿದ್ದೆಯಲ್ಲೇ ಪ್ರಾಣ ಬಿಡಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡ ಖಂಡಿತ ಬೇಡ.

ಕರೆಂಟ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ಆದ್ದರಿಂದ ಈ ಅನಿಲ ಬರುವುದಿಲ್ಲ. "ಹೀಟರ್ ಆಮ್ಲಜನಕ ತಿಂದುಬಿಡುತ್ತೆ" ಅನ್ನುವುದು ಸರಿಯಲ್ಲ. ಅದರ ಅಪಾಯ ಬೇರೆ: ಬೆಂಕಿ ಮತ್ತು ಶಾಕ್.

ವ್ಯಾಟ್ ನೋಡಿ, ಜಾಹೀರಾತು ನಂಬಬೇಡಿ

"ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ" ಎಂದು ಅಂಗಡಿಯಲ್ಲಿ ಹೇಳಬಹುದು. ನಿಜ ಏನೆಂದರೆ, ಕಾಯಿಲ್, ರಾಡ್, ಎಣ್ಣೆ ಹೀಗೆ ಯಾವ ಹೀಟರೇ ಆಗಲಿ, ಒಂದು ಯೂನಿಟ್ ಕರೆಂಟಿಗೆ ಕೊಡುವ ಶಾಖ ಒಂದೇ. 1000 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವ್ಯಾಟಿನದಾದರೆ ಎರಡು. ವ್ಯತ್ಯಾಸ ಇರುವುದು ಆ ಶಾಖ ಯಾರಿಗೆ, ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ.

1. ರಾಡ್ ಹೀಟರ್ (ಕ್ವಾರ್ಟ್ಜ್, ಹ್ಯಾಲೊಜೆನ್): ಕೆಂಪಗೆ ಉರಿದು ಎದುರಿಗೆ ಕೂತವರನ್ನು ಬಿಸಿಲಿನಂತೆ ನೇರವಾಗಿ ಬೆಚ್ಚಗೆ ಮಾಡುತ್ತದೆ. 400 ವ್ಯಾಟಿನ ಎರಡು ರಾಡ್ ಇರುವುದು ಸಾಮಾನ್ಯ, ಒಂದನ್ನೇ ಹಾಕಿಕೊಳ್ಳಬಹುದು. ಬೆಲೆ ಕಡಿಮೆ. ಆದರೆ ಮಕ್ಕಳು ಮುಟ್ಟಿದರೆ ಸುಡುತ್ತದೆ, ಬಟ್ಟೆ ತಾಗಿದರೆ ಹೊತ್ತಿಕೊಳ್ಳುತ್ತದೆ.

2. ಬ್ಲೋವರ್: ಫ್ಯಾನ್ ಬಿಸಿಗಾಳಿ ಊದುತ್ತದೆ. ಸಾಮಾನ್ಯವಾಗಿ 1000 ಮತ್ತು 2000 ವ್ಯಾಟಿನ ಎರಡು ಸ್ವಿಚ್ ಇರುತ್ತವೆ. ಸಣ್ಣ ಕೋಣೆ ಬೇಗ ಬೆಚ್ಚಗಾಗುತ್ತದೆ, ಆರಿಸಿದರೆ ಬೇಗ ತಣ್ಣಗಾಗುತ್ತದೆ. ಸದ್ದು ಇರುತ್ತದೆ.

3. ಎಣ್ಣೆ ತುಂಬಿದ ಹೀಟರ್: ಒಳಗಿನ ಎಣ್ಣೆ ಉರಿಯುವುದಿಲ್ಲ, ಕಾಯುತ್ತದೆ ಅಷ್ಟೇ. ಅದನ್ನು ತುಂಬಿಸುವ ಕೆಲಸವೂ ಇಲ್ಲ. ನಿಧಾನವಾಗಿ ಕಾದು, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ. ಕೆಂಪಗೆ ಉರಿಯುವ ಭಾಗ ಇಲ್ಲದ್ದರಿಂದ ಮಲಗುವ ಕೋಣೆಗೆ ಇದು ಮೇಲು. ಬೆಲೆ ಮತ್ತು ವ್ಯಾಟ್ ಎರಡೂ ಹೆಚ್ಚು.

ಹಾಗಾದರೆ ಯಾವುದು? ನಿಮ್ಮ ಸೂರು ನೋಡಿ ನಿರ್ಧರಿಸಿ. ಎತ್ತರದ ಹೆಂಚಿನ ಮನೆಯಲ್ಲಿ ಬಿಸಿಗಾಳಿ ಮೇಲೇರಿ ಸಂದಿಯಿಂದ ಹೊರಗೆ ಹೋಗುತ್ತದೆ. ಬ್ಲೋವರ್ ಅಥವಾ ಎಣ್ಣೆ ಹೀಟರ್ ಹಾಕಿದರೆ ಆಕಾಶಕ್ಕೆ ಬಿಸಿ ಕೊಟ್ಟ ಹಾಗೆ. ಅಲ್ಲಿ ರಾಡ್ ಹೀಟರ್ ಸಾಕು. ತಾರಸಿಯ ಸಣ್ಣ ಕೋಣೆಯಾದರೆ ಥರ್ಮೋಸ್ಟಾಟ್ ಇರುವ ಬ್ಲೋವರ್ ಅಥವಾ ಎಣ್ಣೆ ಹೀಟರ್ ಉಪಯೋಗಕ್ಕೆ ಬರುತ್ತದೆ. ಬೇಕಾದಷ್ಟು ಬಿಸಿಯಾದ ಮೇಲೆ ಅದು ತಾನೇ ಆರುತ್ತದೆ.

ಗೃಹಜ್ಯೋತಿಯ ಲೆಕ್ಕ

2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮದೇ.

ಒಂದು ಉದಾಹರಣೆ ನೋಡಿ. ಮನೆಯ ಬಳಕೆ ತಿಂಗಳಿಗೆ 60 ಯೂನಿಟ್, ಉಚಿತ ಮಿತಿ 66 ಯೂನಿಟ್ ಎಂದಿಟ್ಟುಕೊಳ್ಳಿ. 800 ವ್ಯಾಟಿನ ರಾಡ್ ಹೀಟರನ್ನು ದಿನಕ್ಕೆ 2 ಗಂಟೆ ಹಾಕಿದರೆ ತಿಂಗಳಿಗೆ 48 ಯೂನಿಟ್. ಒಟ್ಟು 108. ಮಿತಿ ಮೀರಿದ 42 ಯೂನಿಟ್‌ಗೆ ಕಟ್ಟಬೇಕು. ಲೆಕ್ಕಕ್ಕೆ ಯೂನಿಟ್‌ಗೆ 6 ರೂಪಾಯಿ ಹಿಡಿದರೆ 252 ರೂಪಾಯಿ. ಅದೇ 2000 ವ್ಯಾಟಿನದನ್ನು ದಿನಕ್ಕೆ 3 ಗಂಟೆ ಪೂರ್ತಿ ಹಾಕಿದರೆ 180 ಯೂನಿಟ್, ಒಟ್ಟು 240. ಆಗ 240 ಯೂನಿಟ್‌ಗೂ ಕಟ್ಟಬೇಕು, 1440 ರೂಪಾಯಿ! ಸಂಘದ ಸಾಲದ ಕಂತಿನ ಜೊತೆ ಇದನ್ನೂ ಸೇರಿಸಿ ನೋಡಿ. ನಿಮ್ಮ ಉಚಿತ ಮಿತಿ ಎಷ್ಟು ಎಂದು ಸೆಸ್ಕ್ ಬಿಲ್ಲಿನಲ್ಲಿ ನೋಡಿಕೊಳ್ಳಿ.

ಪ್ಲಗ್, ವೈರ್, ಅರ್ತ್

ಟಿ.ವಿ., ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಪ್ಲಗ್ಗಿಗೆ 1000 ವ್ಯಾಟ್‌ವರೆಗಿನ ಹೀಟರ್ ಸಾಕು. ಅದಕ್ಕಿಂತ ದೊಡ್ಡದಕ್ಕೆ 16 ಆಂಪಿಯರ್‌ನ ಪವರ್ ಪ್ಲಗ್ ಬೇಕು, ಅದಕ್ಕೆ ತಕ್ಕ ದಪ್ಪ ವೈರ್ ಎಳೆದಿರಬೇಕು. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹೀಟರ್ ಹಾಕಲೇಬೇಡಿ. ಪ್ಲಗ್ ಮುಟ್ಟಿ ನೋಡಿದಾಗ ಬಿಸಿಯಾಗಿದ್ದರೆ ಆರಿಸಿ ಎಲೆಕ್ಟ್ರಿಷಿಯನ್‌ನ ಕರೆಸಿ. ನಮ್ಮಲ್ಲಿ ಗೋಡೆ, ನೆಲ ಎಲ್ಲಾ ತೇವ. ಹಾಗಾಗಿ ಅರ್ತ್ ಸರಿಯಾಗಿದೆಯೇ ಎಂದು ಮಳೆಗೆ ಮೊದಲೇ ನೋಡಿಸಿ.

ವೋಲ್ಟೇಜ್ ಕಡಿಮೆ ಇದ್ದಾಗ ಹೀಟರ್ ಮಂದವಾಗಿ ಉರಿಯುವುದು ಸಹಜ, ಕೆಟ್ಟಿದೆ ಎಂದಲ್ಲ. 230ರ ಬದಲು 180 ವೋಲ್ಟ್ ಬಂದರೆ ಶಾಖ ಸುಮಾರು ಆರಾಣೆ ಇಳಿಯುತ್ತದೆ, ಯೂನಿಟ್ಟೂ ಅಷ್ಟೇ ಇಳಿಯುತ್ತದೆ. ಮನೆಯ ಸಣ್ಣ ಇನ್ವರ್ಟರ್‌ನಲ್ಲಿ ಹೀಟರ್ ನಡೆಯುವುದಿಲ್ಲ. ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಾಗ ಒಣ ಸೌದೆ, ಕಂಬಳಿಯೇ ಗತಿ. ಅದನ್ನು ಬಿಟ್ಟುಕೊಡಬೇಡಿ.

ಕೊಳ್ಳುವಾಗ, ಬಳಸುವಾಗ

• ಐಎಸ್‌ಐ ಗುರುತು, ವ್ಯಾಟ್, ಮೂರು ಪಿನ್ನಿನ ಪ್ಲಗ್, ಬಿಲ್, ಗ್ಯಾರಂಟಿ ಕಾರ್ಡ್ ನೋಡಿ ತನ್ನಿ.
• ಮಗುಚಿ ಬಿದ್ದರೆ ತಾನೇ ಆರುವ ಸ್ವಿಚ್ ಇದ್ದರೆ ಒಳ್ಳೆಯದು. ರಾಡ್ ಹೀಟರಿಗೆ ಗಟ್ಟಿ ಜಾಲರಿ ಇರಲಿ.
• ಹಾಸಿಗೆ, ಪರದೆ, ಬಟ್ಟೆಯಿಂದ ಮೂರು ಅಡಿ ದೂರ ಇಡಿ.
• ಹೀಟರ್ ಮೇಲೆ ಬಟ್ಟೆ ಒಣಹಾಕಬೇಡಿ. ಮಗುವಿನ ಸಣ್ಣ ಬಟ್ಟೆಯೂ ಬೇಡ. ಬೆಂಕಿ ಹತ್ತುವುದು ಹೀಗೆಯೇ.
• ಬಚ್ಚಲಿಗೆ ಒಯ್ಯಬೇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ.
• ಮಲಗುವ ಮೊದಲು ಕೋಣೆ ಬೆಚ್ಚಗೆ ಮಾಡಿ, ಪ್ಲಗ್ ಕಿತ್ತು ಮಲಗಿ.

ಎಳೆ ಮಗುವಿಗೆ ಹೀಟರಿಗಿಂತ ಒಳ್ಳೆಯ ಶಾಖ ತಾಯಿಯ ಎದೆಯದು. ಟೋಪಿ ಹಾಕಿ, ತಾಯಿಯ ಮೈಗೆ ಮಗುವಿನ ಮೈ ತಾಗುವಂತೆ ಅಪ್ಪಿಕೊಂಡು, ಮೇಲೆ ಹೊದಿಸಿ. ಇದಕ್ಕೆ ಕರೆಂಟೂ ಬೇಡ, ದುಡ್ಡೂ ಬೇಡ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಕಾಲಿನ ಸ್ಪರ್ಶ ಕಡಿಮೆ ಇರಬಹುದು, ಸುಟ್ಟರೂ ತಿಳಿಯುವುದಿಲ್ಲ. ಅವರ ಕಾಲನ್ನು ಹೀಟರ್ ಹತ್ತಿರ ಇಡಿಸಬೇಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸದಸ್ಯರಲ್ಲಿ ಯಾರ ಮನೆಯಲ್ಲಿ ಈಗಲೂ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುತ್ತಾರೆ?
2. ಎಲ್ಲರೂ ಸೇರಿ ಒಬ್ಬ ಎಲೆಕ್ಟ್ರಿಷಿಯನ್‌ನ ಕರೆಸಿ ಒಂದೇ ದಿನ ಎಲ್ಲ ಮನೆಗಳ ಅರ್ತ್ ನೋಡಿಸಬಹುದೇ?
3. ಬಾಣಂತಿ ಅಥವಾ ಕಾಯಿಲೆಯವರು ಇರುವ ಮನೆಗೆ ಸರದಿಯಲ್ಲಿ ಕೊಡಲು ಸಂಘದಿಂದಲೇ ಒಂದು ಒಳ್ಳೆಯ ಹೀಟರ್ ಇಟ್ಟುಕೊಂಡರೆ ಹೇಗೆ?

ನಿಮ್ಮ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ದೇವರು ನಿಮ್ಮ ಮನೆಗಳನ್ನು ಬೆಚ್ಚಗೂ ಸುರಕ್ಷಿತವಾಗಿಯೂ ಇಡಲಿ.